ಬಾಲಕರ ಬೇಸ್‌ಬಾಲ್ ಮತ್ತು ಕ್ರೀಡಾನ್ಯಾಯ: ಲಿಟ್ಲ್ ಲೀಗಿನ ಚರಿತ್ರೆಯ ಒಂದು ಪರಿಶೀಲನೆ

೧

ಆಟಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗೆದ್ದವರ ಹೆಸರುಗಳನ್ನೂ ಪಂದ್ಯಗಳ ಫಲಿತಾಂಶಗಳನ್ನೂ ಕ್ರಮವಾಗಿ ಜೋಡಿಸಿ ತೃಪ್ತರಾಗುತ್ತಾರೆ. ಆಟದ ನಿಯಮಗಳು ಏಕೆ ಹುಟ್ಟಿದುವು, ಯಾವ ಕೇಡನ್ನು ತಡೆಯಲೆಂದು ಹುಟ್ಟಿದುವು, ಹುಟ್ಟುವುದಕ್ಕೆ ಎಷ್ಟು ತಡವಾಯಿತು ಎಂಬ ಪ್ರಶ್ನೆಗಳು ಅವರ ಗಮನಕ್ಕೆ ಬರುವುದು ವಿರಳ. ಆದರೆ ಒಂದು ಸಮಾಜವು ತನ್ನ ಮಕ್ಕಳನ್ನು ಹೇಗೆ ಕಾಣುತ್ತಿತ್ತೆಂಬುದನ್ನು ಅರಿಯಲು ಮಕ್ಕಳ ಆಟದ ನಿಯಮಗಳು ಬಹಳ ಒಳ್ಳೆಯ ಆಧಾರ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೩೯ರಲ್ಲಿ ಹುಟ್ಟಿ, ಮುಂದೆ ಅನೇಕ ದೇಶಗಳಿಗೆ ಹಬ್ಬಿದ ‘ಲಿಟ್ಲ್ ಲೀಗ್’ ಎಂಬ ಬೇಸ್‌ಬಾಲ್ ಸಂಸ್ಥೆಯ ಚರಿತ್ರೆ ಇದಕ್ಕೆ ತಕ್ಕ ನಿದರ್ಶನ.

ಬೇಸ್‌ಬಾಲ್ ನಮ್ಮ ವಿದ್ಯಾರ್ಥಿಗಳಿಗೆ ಅಷ್ಟಾಗಿ ಪರಿಚಿತವಾದ ಆಟವಲ್ಲ. ಆದಕಾರಣ ಎರಡು ಮಾತು ಮೊದಲೇ ಹೇಳುವುದು ಅವಶ್ಯಕ. ಕ್ರಿಕೆಟ್ಟಿನಲ್ಲಿರುವಂತೆ ಇಲ್ಲಿಯೂ ಒಬ್ಬನು ಚೆಂಡನ್ನು ಎಸೆಯುತ್ತಾನೆ, ಎದುರು ಪಕ್ಷದವನು ಅದನ್ನು ದಾಂಡಿನಿಂದ ಹೊಡೆಯುತ್ತಾನೆ. ಹೊಡೆದವನು ಚೌಕದ ನಾಲ್ಕು ಮೂಲೆಗಳಲ್ಲಿರುವ ‘ಬೇಸ್’ಗಳನ್ನು ಸುತ್ತಿ ಬಂದರೆ ಒಂದು ರನ್. ಮೂವರು ಔಟಾದೊಡನೆ ಹೊಡೆಯುವ ಸರದಿ ಮುಗಿಯುತ್ತದೆ. ಎಸೆಯುವವನಿಗೆ ಪಿಚರ್ ಎಂದು ಹೆಸರು. ಕ್ರಿಕೆಟ್ಟಿನ ಓವರಿನಂತೆ ಎಸೆತಗಾರರನ್ನು ಬದಲಾಯಿಸುವ ಕಟ್ಟಳೆ ಇಲ್ಲಿಲ್ಲ. ಒಬ್ಬನೇ ಪಿಚರ್ ಪಂದ್ಯದ ಆದಿಯಿಂದ ಅಂತ್ಯದವರೆಗೆ ಎಸೆಯಬಹುದು. ಈ ಕೊನೆಯ ಅಂಶ ಮುಂದಿನ ವಿವೇಚನೆಗೆ ಬಹಳ ಮುಖ್ಯವಾದುದು.

‘ಕ್ರೀಡಾನ್ಯಾಯ’ವೆಂದರೆ ನಿಯಮವನ್ನು ಮೀರದೆ ಆಡುವುದೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ವಯಸ್ಕರ ಆಟದ ಮಟ್ಟಿಗೆ ಈ ಲಕ್ಷಣ ಸಾಕಾಗಬಹುದು. ಬೆಳೆಯುತ್ತಿರುವ ಮಕ್ಕಳ ಆಟಕ್ಕೆ ಸಾಲದು. ಅಲ್ಲಿ ಆಟದ ಅಳತೆ ಮಗುವಿನ ಅಳವಿಗೆ ತಕ್ಕಂತಿರಬೇಕು, ಪ್ರವೇಶ ಎಲ್ಲರಿಗೂ ಇರಬೇಕು, ಪ್ರತಿಯೊಬ್ಬನಿಗೂ ಆಡುವ ಸರದಿ ಬರಬೇಕು, ಆಡುವ ದೇಹ ಕೆಡದೆ ಉಳಿಯಬೇಕು. ಈ ನಾಲ್ಕೂ ನ್ಯಾಯದ ಅಂಗಗಳು; ಆಟಗಾರನ ಬೆಳವಣಿಗೆಗೂ ಇವೇ ಆಧಾರ. ಲಿಟ್ಲ್ ಲೀಗಿನ ಚರಿತ್ರೆಯನ್ನು ಈ ದೃಷ್ಟಿಯಿಂದ ಪರಿಶೀಲಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಅಲ್ಲಿಯ ಒಳ್ಳೆಯ ನಿಯಮಗಳಲ್ಲಿ ಬಹುಪಾಲು ಮಕ್ಕಳನ್ನು ಅಂಕೆಯಲ್ಲಿಡಲು ಹುಟ್ಟಿದುವಲ್ಲ, ಹಿರಿಯರನ್ನು ಅಂಕೆಯಲ್ಲಿಡಲು ಹುಟ್ಟಿದುವು.

೨

ಹುಡುಗರಿಗಾಗಿ ಬೇಸ್‌ಬಾಲ್ ಪಂದ್ಯಗಳನ್ನು ಏರ್ಪಡಿಸುವ ಪ್ರಯತ್ನ ೧೯೩೯ಕ್ಕೆ ಮೊದಲೂ ನಡೆದಿತ್ತು. ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘ ೧೯೨೫ರಲ್ಲಿ ದಕ್ಷಿಣ ಡಕೋಟದ ಮಿಲ್‌ಬ್ಯಾಂಕಿನಲ್ಲಿ ಇಂಥ ಒಂದು ಯೋಜನೆಯನ್ನು ಅಂಗೀಕರಿಸಿತು. ಆದರೆ ಅದು ಹದಿಹರೆಯದವರಿಗೆ ಹೊಂದುವಂಥದು. ಎಂಟು ಹತ್ತು ವರ್ಷದ ಹುಡುಗನಿಗೆ ಉಳಿದುದು ದೊಡ್ಡವರ ಮೈದಾನದ ಅಂಚು ಮಾತ್ರ. ಅವನು ಅಲ್ಲಿ ನಿಂತು ನೋಡಬಹುದಾಗಿತ್ತು, ಆಡುವಂತಿರಲಿಲ್ಲ.

ಪೆನ್ಸಿಲ್ವೇನಿಯದ ವಿಲಿಯಮ್ಸ್‌ಪೋರ್ಟ್ ಎಂಬ ಊರಿನಲ್ಲಿ ಕಾರ್ಲ್ ಸ್ಟಾಟ್ಜ್ ಎಂಬ ಸಾಮಾನ್ಯ ಗುಮಾಸ್ತರೊಬ್ಬರಿದ್ದರು. ೧೯೩೮ರಲ್ಲಿ ಅವರು ನೆರೆಹೊರೆಯ ಹುಡುಗರನ್ನು ಕಲೆಹಾಕಿ ಪ್ರಯೋಗಕ್ಕೆ ತೊಡಗಿದರು. ಹತ್ತು ವರ್ಷದ ಹುಡುಗ ಚೆಂಡನ್ನು ಎತ್ತಿ ಎಸೆಯುವಷ್ಟರಲ್ಲಿ ಓಡುವವನು ಎಲ್ಲಿಗೆ ತಲಪುತ್ತಾನೆ, ಬೇಸುಗಳ ನಡುವೆ ಎಷ್ಟು ದೂರವಿದ್ದರೆ ಓಡುವವನಿಗೂ ಎಸೆಯುವವನಿಗೂ ಸಮವಾದ ಅವಕಾಶವಿರುತ್ತದೆ ಎಂಬುದನ್ನು ಅವರು ಗಮನಿಸುತ್ತ ಬಂದರು. ದೊಡ್ಡವರ ಆಟದಲ್ಲಿ ಬೇಸುಗಳ ನಡುವಣ ಅಂತರ ೯೦ ಅಡಿ. ಸ್ಟಾಟ್ಜ್ ಅವರು ಅದನ್ನು ೬೦ ಅಡಿಗೆ ಇಳಿಸಿದರು. ಎಸೆಯುವ ದೂರ ದೊಡ್ಡವರಿಗೆ ೬೦ ಅಡಿ ೬ ಅಂಗುಲ. ಮಕ್ಕಳಿಗೆ ಅದು ಕೆಲವು ಬದಲಾವಣೆಗಳ ಬಳಿಕ ೪೬ ಅಡಿಗೆ ನಿಂತಿತು. ಒಂಬತ್ತು ಇನಿಂಗ್ಸಿನ ಬದಲು ಆರು ಇನಿಂಗ್ಸ್ ಎಂದಾಯಿತು.

ಇದು ಮೇಲ್ನೋಟಕ್ಕೆ ಬರಿಯ ಅಳತೆಯ ಮಾತು. ಆದರೆ ಇದರ ಹಿಂದೆ ಒಂದು ತತ್ತ್ವವಿದೆ. ಮಗುವನ್ನು ಎಳೆದು ಆಟದ ಅಳತೆಗೆ ಸರಿಮಾಡುವುದಲ್ಲ, ಆಟವನ್ನು ಮಗುವಿನ ಅಳತೆಗೆ ತರುವುದು. ದೊಡ್ಡ ಮೈದಾನದಲ್ಲಿ ಪ್ರಾಯಕ್ಕೆ ಮೀರಿ ಬೆಳೆದ ಹುಡುಗನೊಬ್ಬನೇ ಆಟಗಾರ, ಮಿಕ್ಕವರೆಲ್ಲ ಚೆಂಡು ಹೆಕ್ಕುವವರು. ಮೈದಾನ ಕಿರಿದಾದೊಡನೆ ಸಣ್ಣ ಹುಡುಗನ ಚುರುಕುತನಕ್ಕೂ ಬೆಲೆ ಬಂದಿತು. ಲಿಟ್ಲ್ ಲೀಗಿನ ಮೊದಲನೆಯ ಕ್ರೀಡಾನ್ಯಾಯ ಬರೆದಿಟ್ಟ ನೀತಿವಾಕ್ಯವಾಗಿರಲಿಲ್ಲ. ನೆಲದ ಮೇಲೆ ಎಳೆದ ಗೆರೆಯಾಗಿತ್ತು.

ಸ್ಟಾಟ್ಜ್ ಅವರು ಹಣಸಹಾಯಕ್ಕಾಗಿ ಊರಿನ ಅಂಗಡಿ ಕಾರ್ಖಾನೆಗಳ ಬಾಗಿಲಿಗೆ ಅಲೆದು, ಬಹಳ ಕಡೆ ಇಲ್ಲವೆನಿಸಿಕೊಂಡು, ಕೊನೆಗೆ ಮೂವರು ಪೋಷಕರನ್ನು ದೊರಕಿಸಿಕೊಂಡರು. ಲೈಕಮಿಂಗ್ ಡೈರಿ, ಲಂಡಿ ಲಂಬರ್, ಜಂಬೊ ಪ್ರೆಟ್ಜೆಲ್ ಎಂದು ಆ ಪೋಷಕರ ಹೆಸರೇ ಮೂರು ತಂಡಗಳಿಗೂ ಬಂದಿತು. ಮೊದಲ ಪಂದ್ಯ ೧೯೩೯ರ ಜೂನ್ ೬ರಂದು ನಡೆಯಿತು. ಲಂಡಿ ತಂಡ ೨೩ಕ್ಕೆ ೮ರಂತೆ ಲೈಕಮಿಂಗ್ ತಂಡವನ್ನು ಸೋಲಿಸಿತು. ಆದರೆ ಆ ಋತುವಿನ ಅಗ್ರಸ್ಥಾನ ಕೊನೆಗೆ ಬಂದುದು ಅಂದು ಸೋತ ಲೈಕಮಿಂಗ್ ತಂಡಕ್ಕೆ.

೩

ಊರ ಮಕ್ಕಳು ಊರ ಮಕ್ಕಳೊಡನೆ ಆಡುವುದೇ ಮೂಲ ಕಲ್ಪನೆ. ಯುದ್ಧಾನಂತರ ಈ ಸ್ಥಿತಿ ಬದಲಾಯಿತು. ೧೯೪೭ರಲ್ಲಿ ಹಲವು ಲೀಗುಗಳ ಆಯ್ದ ತಂಡಗಳು ವಿಲಿಯಮ್ಸ್‌ಪೋರ್ಟಿನಲ್ಲಿ ಸೇರಿ ಒಂದು ಪಂದ್ಯಾವಳಿಯನ್ನು ಆಡಿದುವು. ಅದೇ ಮುಂದೆ ಲಿಟ್ಲ್ ಲೀಗಿನ ‘ವಿಶ್ವಸರಣಿ’ ಎನಿಸಿತು. ೧೯೪೮ರಲ್ಲಿ ಯುನೈಟೆಡ್ ಸ್ಟೇಟ್ಸ್ ರಬ್ಬರ್ ಕಂಪೆನಿ ಸಂಸ್ಥೆಯ ಪೋಷಣೆಗೆ ಮುಂದೆ ಬಂದಿತು. ೧೯೫೦ರಲ್ಲಿ ಸಂಸ್ಥೆ ಕಾನೂನುಬದ್ಧವಾದ ನಿಗಮವಾಯಿತು. ೧೯೫೨ರಲ್ಲಿ ಆ ಕಂಪೆನಿಯಲ್ಲಿದ್ದ ಪೀಟರ್ ಮೆಕ್‌ಗವರ್ನ್ ಅವರು ಅಧ್ಯಕ್ಷರಾದರು. ಬೆಳವಣಿಗೆ ಅತಿ ಶೀಘ್ರವಾಗಿತ್ತು. ಅದರ ಜೊತೆಗೆ ಊರಿನ ಆಟಕ್ಕಿಂತ ರಾಷ್ಟ್ರದ ಪಂದ್ಯಾವಳಿಗೆ, ಆಡುವವರ ಸಂಖ್ಯೆಗಿಂತ ಗೆದ್ದವರ ಕೀರ್ತಿಗೆ ಪ್ರಾಧಾನ್ಯ ಬರತೊಡಗಿತು. ಇದನ್ನು ಒಪ್ಪದ ಸ್ಥಾಪಕರಿಗೂ ನಿಗಮಕ್ಕೂ ೧೯೫೫ರಲ್ಲಿ ವಿರಸ ಬೆಳೆದು ವಿಷಯ ನ್ಯಾಯಾಲಯದವರೆಗೆ ಹೋಯಿತು. ತಾವು ಕಟ್ಟಿದ ಸಂಸ್ಥೆಯಿಂದ ಸ್ಟಾಟ್ಜ್ ಅವರು ಹೊರಬಂದು, ತಮ್ಮ ಊರಿನ ಮೂಲ ಲೀಗನ್ನು ಬೇರೆಯಾಗಿ ನಡೆಯಿಸಿದರು. ೧೯೯೨ರಲ್ಲಿ ತೀರಿಕೊಳ್ಳುವವರೆಗೂ ಆ ಒಡಕು ಕೂಡಲಿಲ್ಲ.

ಪಂದ್ಯಾವಳಿಯಿಂದ ಕೇಡೇ ಆಯಿತೆಂದು ಹೇಳುವುದು ಸಾಧುವಲ್ಲ. ೧೯೫೭ರಲ್ಲಿ ಮೆಕ್ಸಿಕೋದ ಮಾಂಟೆರ್ರೆಯಿಂದ ಬಂದ ಹುಡುಗರು ತಮಗಿಂತ ಎತ್ತರದ ಎದುರಾಳಿಗಳನ್ನು ಗೆದ್ದು, ಅಮೆರಿಕದ ಹೊರಗಿನ ಮೊದಲ ವಿಜೇತರಾದರು. ಆ ಅಂತಿಮ ಪಂದ್ಯದಲ್ಲಿ ಆಂಜೆಲ್ ಮಸಿಯಾಸ್ ಎಂಬ ಹುಡುಗ ಎದುರು ಪಕ್ಷದ ಒಬ್ಬನನ್ನೂ ಬೇಸಿಗೆ ತಲಪಗೊಡಲಿಲ್ಲ. ದೊಡ್ಡ ವೇದಿಕೆ ಇಲ್ಲದಿದ್ದರೆ ಆ ಮಕ್ಕಳ ಪ್ರತಿಭೆ ಬೆಳಕಿಗೆ ಬರುತ್ತಿರಲಿಲ್ಲ. ಆದರೆ ಅದೇ ವೇದಿಕೆಯ ಆಸೆ ಹಿರಿಯರ ಕೈಯಲ್ಲಿ ಏನಾಗಬಲ್ಲದೆಂಬುದಕ್ಕೂ ಸಾಕ್ಷಿಗಳುಂಟು. ಲಿಟ್ಲ್ ಲೀಗಿನಲ್ಲಿ ಆಡಿ ೧೯೫೩ರಲ್ಲಿ ವೃತ್ತಿಪರ ಮೇಜರ್ ಲೀಗನ್ನು ಸೇರಿದವರಲ್ಲಿ ಮೊದಲಿಗರಾದ ಜೋಯಿ ಜೇ ಅವರೇ ೧೯೬೫ರಲ್ಲಿ ಅದಕ್ಕೆ ಮಕ್ಕಳನ್ನು ಸೇರಿಸಬೇಡಿರೆಂದು ತಂದೆಯರನ್ನು ಎಚ್ಚರಿಸಿ ಬರೆದರು. ಪ್ರಸಿದ್ಧ ಪಿಚರ್ ರಾಬಿನ್ ರಾಬರ್ಟ್ಸ್ ಅವರು ೧೯೭೫ರಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆಯಲ್ಲಿ ಇಂಥದೇ ಆಕ್ಷೇಪವೆತ್ತಿದರು. ಆಟವನ್ನು ಬಲ್ಲವರೇ ಹೀಗೆ ನುಡಿದಾಗ ಅದನ್ನು ಲಘುವಾಗಿ ಭಾವಿಸುವಂತಿಲ್ಲ.

೪

ಕ್ರೀಡಾನ್ಯಾಯದ ಎರಡನೆಯ ಅಂಗ ಪ್ರವೇಶ. ಸ್ಥಾಪಕರು ಸಂಸ್ಥೆಯಿಂದ ದೂರವಾದ ೧೯೫೫ನೆಯ ವರ್ಷವೇ ಇದರ ಕಠಿನ ಪರೀಕ್ಷೆಯನ್ನೂ ತಂದಿತು. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು ಆಗ ಒಂದು ವರ್ಷವಷ್ಟೇ ಕಳೆದಿತ್ತು. ದಕ್ಷಿಣ ಕೆರೊಲಿನದ ಚಾರ್ಲ್ಸ್‌ಟನ್ ನಗರದಲ್ಲಿ ಕ್ಯಾನನ್ ಸ್ಟ್ರೀಟ್ ವೈ.ಎಂ.ಸಿ.ಎ. ಎಂಬ ಸಂಸ್ಥೆಯ ಆಶ್ರಯದಲ್ಲಿ ಕರಿಯ ಹುಡುಗರ ಲೀಗೊಂದು ಕ್ರಮಬದ್ಧವಾಗಿ ನೋಂದಾಯಿತವಾಗಿತ್ತು. ಅದರ ಆಯ್ದ ತಂಡವು ರಾಜ್ಯದ ಪಂದ್ಯಾವಳಿಗೆ ಹೆಸರು ಕೊಟ್ಟಿತು. ಒಡನೆಯೇ ಬಿಳಿಯರ ೬೧ ಲೀಗುಗಳು ಪಂದ್ಯಾವಳಿಯಿಂದ ಹಿಂದೆ ಸರಿದುವು.

ಇಲ್ಲಿ ಕೇಂದ್ರಸಂಸ್ಥೆಯ ನಡತೆಯನ್ನು ಎಚ್ಚರಿಕೆಯಿಂದ ತೂಗಬೇಕು. ಹಿಂದೆ ಸರಿದವರನ್ನು ಅದು ಓಲೈಸಲಿಲ್ಲ. ಕರಿಯ ಹುಡುಗರನ್ನು ಹೊರಗಿಟ್ಟು ಪಂದ್ಯಾವಳಿಯನ್ನು ನಡೆಯಿಸಲು ಸಮ್ಮತಿಸಲಿಲ್ಲ. ಈ ಮಟ್ಟಿಗೆ ಅದರ ನಿಲುವು ಶ್ಲಾಘ್ಯವಾದುದು. ಆದರೆ ಪಂದ್ಯವನ್ನಾಡಿ ಗೆದ್ದವರಲ್ಲದೆ, ಎದುರಾಳಿ ಬಾರದ ಕಾರಣದಿಂದ ಗೆದ್ದವರು ಮುಂದಿನ ಹಂತಕ್ಕೆ ಹೋಗುವಂತಿಲ್ಲವೆಂಬ ನಿಯಮವೊಂದಿತ್ತು. ಆ ನಿಯಮವನ್ನು ಅಕ್ಷರಶಃ ಪಾಲಿಸಿ, ಕ್ಯಾನನ್ ಸ್ಟ್ರೀಟ್ ತಂಡಕ್ಕೆ ಪ್ರಾದೇಶಿಕ ಪಂದ್ಯಾವಳಿಯಲ್ಲಿ ಆಡಲು ಅವಕಾಶವಿಲ್ಲವೆಂದು ಹೇಳಲಾಯಿತು. ಹುಡುಗರನ್ನು ಅತಿಥಿಗಳಾಗಿ ವಿಲಿಯಮ್ಸ್‌ಪೋರ್ಟಿಗೆ ಕರೆಯಿಸಿಕೊಂಡರು. ಅವರು ಬಹು ದೂರ ಬಸ್ಸಿನಲ್ಲಿ ಪಯಣಿಸಿ ಬಂದು ಮೈದಾನದಲ್ಲಿ ಕೊಂಚ ಹೊತ್ತು ಚೆಂಡಾಡಿದರು. ಅವರನ್ನು ಆಡಲು ಬಿಡಿರೆಂದು ಪ್ರೇಕ್ಷಕರು ಕೂಗಿದರು. ಬಳಿಕ ಅವರು ಮೇಲೆ ಕುಳಿತು ಇತರರ ಆಟವನ್ನು ನೋಡಿ ಊರಿಗೆ ಮರಳಿದರು.

ಇದರಲ್ಲಿ ಯಾವ ನಿಯಮವೂ ಮುರಿದಿಲ್ಲವೆಂಬುದೇ ವಿಚಾರಯೋಗ್ಯವಾದ ಅಂಶ. ಆಡಿಯೇ ಗೆಲ್ಲಬೇಕೆಂಬ ನಿಯಮ ಸಾಮಾನ್ಯ ಸಂದರ್ಭದಲ್ಲಿ ಒಳ್ಳೆಯದೇ. ಆದರೆ ಅಪರಾಧ ಹಿಂದೆ ಸರಿದವರದಾಗಿರುವಾಗ ಅದರ ದಂಡವನ್ನು ಆಡಲು ಸಿದ್ಧರಾಗಿ ನಿಂತವರು ತೆರಬೇಕಾಯಿತು. ನಿಯಮಪಾಲನೆ ಬೇರೆ, ನ್ಯಾಯ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಹಿಂದೆ ಸರಿದವರು ದಕ್ಷಿಣದಲ್ಲಿ ತಮ್ಮದೇ ಬೇರೆ ಸಂಸ್ಥೆಯನ್ನು ಕಟ್ಟಿಕೊಂಡರು. ಅದು ಮುಂದೆ ‘ಡಿಕ್ಸಿ ಯೂತ್ ಬೇಸ್‌ಬಾಲ್’ ಎಂಬ ಹೆಸರಿನಿಂದ ಬೆಳೆಯಿತು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಫ್ಲೋರಿಡದಲ್ಲಿ ನಡೆದುದು ಇದಕ್ಕೆ ಪ್ರತಿಯಾದ ಚಿತ್ರ. ಪೆನ್ಸಕೋಲದ ಕರಿಯ ಹುಡುಗರ ತಂಡ ರಾಜ್ಯದ ಪಂದ್ಯಾವಳಿಗೆ ಬಂದಾಗ, ಓರ್ಲ್ಯಾಂಡೊ ತಂಡದ ಬಿಳಿಯ ಹುಡುಗರ ಮುಂದೆ ಆಡುವುದೋ ಬಿಡುವುದೋ ಎಂಬ ಪ್ರಶ್ನೆ ಬಂದಿತು. ಹುಡುಗರು ಆಡುವುದೆಂದೇ ಮತವಿತ್ತರು. ಪಂದ್ಯ ನಡೆಯಿತು, ಓರ್ಲ್ಯಾಂಡೊ ತಂಡ ಗೆದ್ದಿತು. ಪೆನ್ಸಕೋಲದ ಹುಡುಗರು ಸೋತು ಹಿಂದಿರುಗಿದರೂ ಆಡಿ ಸೋತರು. ಚಾರ್ಲ್ಸ್‌ಟನ್ನಿನ ಹುಡುಗರಿಗೆ ಆ ಭಾಗ್ಯವೂ ಇರಲಿಲ್ಲ. ಅವರ ರಾಜ್ಯ ಪ್ರಶಸ್ತಿಯನ್ನು ಸಂಸ್ಥೆ ವಿಧ್ಯುಕ್ತವಾಗಿ ಮನ್ನಿಸಿ ಪತಾಕೆಯನ್ನು ಕೊಟ್ಟುದು ೨೦೦೨ರಲ್ಲಿ. ಅಷ್ಟರಲ್ಲಿ ಅವರಿಗೆ ಅರುವತ್ತು ಸಮೀಪಿಸಿತ್ತು.

೫

ಹೆಣ್ಣುಮಕ್ಕಳ ಪ್ರವೇಶದ ಚರಿತ್ರೆಯೂ ಇದೇ ಬಗೆಯದು. ೧೯೫೦ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಎಂಬ ಊರಿನಲ್ಲಿ ಕ್ಯಾಥರಿನ್ ಜಾನ್‌ಸ್ಟನ್ ಎಂಬ ಹುಡುಗಿ ಗಂಡುಹುಡುಗನ ವೇಷದಲ್ಲಿ, ‘ಟಬ್ಬಿ’ ಎಂಬ ಹೆಸರಿನಿಂದ, ತಂಡವನ್ನು ಸೇರಿ ಆಡಿದಳು. ಆಟದಲ್ಲಿ ಅವಳು ಯಾರಿಗೂ ಕಡಮೆಯಾಗಿರಲಿಲ್ಲ. ಇದರಿಂದ ಸಂಸ್ಥೆ ಕಲಿತ ಪಾಠ ವಿಪರೀತವಾದುದು: ಮರುವರ್ಷವೇ ಹುಡುಗಿಯರಿಗೆ ಪ್ರವೇಶವಿಲ್ಲವೆಂಬ ನಿಯಮವನ್ನು ಮಾಡಿತು.

ಈ ನಿಯಮ ಎರಡು ದಶಕಗಳಿಗೂ ಮಿಕ್ಕಿ ಉಳಿಯಿತು. ೧೯೭೨ರಲ್ಲಿ ನ್ಯೂಜೆರ್ಸಿಯ ಹೊಬೋಕನ್ ನಗರದಲ್ಲಿ ಮರಿಯ ಪೆಪೆ ಎಂಬ ಹುಡುಗಿ ಮೂರು ಪಂದ್ಯಗಳನ್ನಾಡಿದಳು. ಅವಳನ್ನು ಬಿಡದಿದ್ದರೆ ಊರಿನ ಲೀಗಿನ ಮನ್ನಣೆಯೇ ರದ್ದಾಗುವುದೆಂದು ಕೇಂದ್ರಸಂಸ್ಥೆ ಎಚ್ಚರಿಕೆ ಕೊಟ್ಟಿತು. ಹುಡುಗಿ ತಂಡವನ್ನು ಬಿಡಬೇಕಾಯಿತು. ರಾಷ್ಟ್ರೀಯ ಮಹಿಳಾ ಸಂಘಟನೆಯೊಂದು ಅವಳ ಪರವಾಗಿ ದೂರು ಸಲ್ಲಿಸಿತು. ಹುಡುಗಿಯರ ಮೂಳೆಗಳು ದುರ್ಬಲವೆಂದು ಸಂಸ್ಥೆಯ ಕಡೆಯಿಂದ ವೈಜ್ಞಾನಿಕವೆನ್ನಲಾದ ಸಾಕ್ಷ್ಯ ಬಂದಿತು. ನ್ಯೂಜೆರ್ಸಿಯ ನಾಗರಿಕ ಹಕ್ಕುಗಳ ವಿಭಾಗದಲ್ಲಿ ವಿಚಾರಣಾಧಿಕಾರಿಯಾಗಿದ್ದ ಸಿಲ್ವಿಯ ಪ್ರೆಸ್ಲರ್ ಅವರು ೧೯೭೩ರ ನವೆಂಬರಿನಲ್ಲಿ ಆ ವಾದವನ್ನು ತಳ್ಳಿಹಾಕಿ ಹುಡುಗಿಯರ ಪರವಾಗಿ ತೀರ್ಪಿತ್ತರು. ೧೯೭೪ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಲಿಟ್ಲ್ ಲೀಗಿಗೆ ೧೯೬೪ರಲ್ಲಿ ಅಮೆರಿಕದ ಶಾಸನಸಭೆ ಇತ್ತ ಸನ್ನದು ಆ ವರ್ಷದ ಡಿಸೆಂಬರ್ ೨೬ರಂದು ತಿದ್ದುಪಡಿಯಾಯಿತು. ‘ಹುಡುಗರು’ ಎಂದಿದ್ದೆಡೆ ‘ಎಳೆಯರು’ ಎಂದಾಯಿತು. ಸಂಸ್ಥೆ ಬೆಳೆಯಿಸಬೇಕಾದ ಗುಣಗಳ ಪಟ್ಟಿಯಿಂದ ‘ಗಂಡಸುತನ’ ಎಂಬ ಪದ ಬಿಟ್ಟುಹೋಗಿ, ಪೌರಧರ್ಮವೂ ಕ್ರೀಡಾಧರ್ಮವೂ ಉಳಿದುವು.

ಮರಿಯ ಪೆಪೆಗೆ ಇದರಿಂದ ಆಡುವ ಪ್ರಯೋಜನವಾಗಲಿಲ್ಲ. ಲಿಟ್ಲ್ ಲೀಗಿನ ವಯಸ್ಸು ಹನ್ನೆರಡಕ್ಕೆ ಮುಗಿಯುತ್ತದೆ. ಗೆಲವು ಬಂದಾಗ ಅವಳಿಗೆ ಹದಿನಾಲ್ಕು. ಅವಳು ತೆರೆದ ಬಾಗಿಲಿನಿಂದ ಇತರರು ಒಳಹೊಕ್ಕರು. ೨೦೧೪ರ ವಿಶ್ವಸರಣಿಯಲ್ಲಿ ಫಿಲಡೆಲ್ಫಿಯದ ಮೋನೆ ಡೇವಿಸ್ ಎಂಬ ಹುಡುಗಿ ಎದುರು ತಂಡಕ್ಕೆ ಒಂದು ರನ್ನನ್ನೂ ಕೊಡದೆ ಪಂದ್ಯವನ್ನು ಗೆದ್ದುಕೊಟ್ಟಾಗ ಮೂಳೆಗಳ ವಾದ ಎಷ್ಟು ಪೊಳ್ಳೆಂಬುದು ಲೋಕಕ್ಕೆಲ್ಲ ಗೊತ್ತಾಯಿತು.

೬

ಇನ್ನು ಸರದಿ ಮತ್ತು ದೇಹರಕ್ಷಣೆಯ ವಿಚಾರ. ಹೆಸರನ್ನು ಪಟ್ಟಿಯಲ್ಲಿ ಬರೆದುಕೊಂಡು ಹುಡುಗನನ್ನು ಬೆಂಚಿನ ಮೇಲೆ ಕೂರಿಸಿದರೆ ಅವನಿಗೆ ಪ್ರವೇಶ ದೊರೆಯಿತೆಂದು ಹೇಳಲಾದೀತೆ? ಈ ಪ್ರಶ್ನೆಗೆ ಉತ್ತರವಾಗಿ ಬಂದುದು ಕನಿಷ್ಠ ಆಟದ ನಿಯಮ. ಪ್ರತಿಯೊಬ್ಬ ಆಟಗಾರನೂ ಪ್ರತಿ ಪಂದ್ಯದಲ್ಲಿಯೂ ಎದುರು ಪಕ್ಷದ ಆರು ಔಟುಗಳಾಗುವಷ್ಟು ಕಾಲ ಮೈದಾನದಲ್ಲಿರಬೇಕು, ಒಮ್ಮೆಯಾದರೂ ದಾಂಡು ಹಿಡಿಯಬೇಕು. ಇದು ತರಬೇತುದಾರನ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ. ಆಡಿಸದಿದ್ದರೆ ಆಕ್ಷೇಪಕ್ಕೆ ಎಡೆಯುಂಟು. ಕಲಿಯುವವನು ಆಡಿಯೇ ಕಲಿಯಬೇಕಲ್ಲದೆ ನೋಡಿ ಕಲಿಯಲಾರನಾದುದರಿಂದ, ನ್ಯಾಯವೂ ಬೆಳವಣಿಗೆಯೂ ಒಂದೇ ಎಂಬುದು ಈ ನಿಯಮದಲ್ಲಿ ಎದ್ದುಕಾಣುತ್ತದೆ.

ಸರದಿ ಸಿಗದವನ ಕಷ್ಟ ಒಂದು ಬಗೆಯಾದರೆ, ಅತಿಯಾಗಿ ಸಿಕ್ಕವನ ಕಷ್ಟ ಇನ್ನೊಂದು ಬಗೆ. ಗೆಲ್ಲಿಸುವ ಪಿಚರ್ ಒಬ್ಬನಿದ್ದರೆ ಅವನಿಂದಲೇ ಎಸೆಯಿಸುವುದು ಹಿರಿಯರ ಸಹಜ ಚಾಪಲ್ಯ. ಎಳೆಯ ಮೂಳೆಯ ಬೆಳೆಯುವ ಭಾಗಕ್ಕೆ ಇದರಿಂದ ಪೆಟ್ಟು ಬೀಳುತ್ತದೆ. ಬ್ರಾಗ್ಡನ್ ಮತ್ತು ಕ್ರೋ ಎಂಬ ವೈದ್ಯರು ೧೯೬೦ರಲ್ಲಿ ಈ ವ್ಯಾಧಿಯನ್ನು ವರ್ಣಿಸಿ, ಅದಕ್ಕೆ ‘ಲಿಟ್ಲ್ ಲೀಗ್ ಆಟಗಾರನ ಮೊಣಕೈ’ ಎಂಬ ಹೆಸರನ್ನೇ ಇಟ್ಟರು. ಮಕ್ಕಳ ಹಿತಕ್ಕಾಗಿ ಹುಟ್ಟಿದ ಸಂಸ್ಥೆಯ ಹೆಸರು ಮಕ್ಕಳ ವ್ಯಾಧಿಯೊಂದಕ್ಕೆ ಅಂಟಿಕೊಂಡಿತು! ಪಿಚರನು ಇಂತಿಷ್ಟು ಇನಿಂಗ್ಸ್ ಮಾತ್ರ ಎಸೆಯಬಹುದೆಂಬ ಮಿತಿ ಮೊದಲಿನಿಂದ ಇದ್ದಿತು. ಆದರೆ ಇನಿಂಗ್ಸ್ ಎಂಬುದು ಸರಿಯಾದ ಅಳತೆಗೋಲಲ್ಲ. ಒಂದು ಇನಿಂಗ್ಸ್ ಎಂಟು ಎಸೆತಗಳಲ್ಲಿ ಮುಗಿಯಬಹುದು, ಇನ್ನೊಂದು ನಲವತ್ತಾದರೂ ಮುಗಿಯದಿರಬಹುದು. ದಣಿಯುವುದು ತೋಳು, ಅದು ಲೆಕ್ಕವಿಡುವುದು ಎಸೆತಗಳನ್ನು. ೨೦೦೭ರಲ್ಲಿ ಸಂಸ್ಥೆ ಎಸೆತಗಳನ್ನೇ ಎಣಿಸುವ ನಿಯಮವನ್ನು ತಂದಿತು. ಹನ್ನೊಂದು ಹನ್ನೆರಡು ವರ್ಷದವರಿಗೆ ದಿನಕ್ಕೆ ೮೫ ಎಸೆತಗಳು, ಒಂಬತ್ತು ಹತ್ತರವರಿಗೆ ೭೫ ಎಂದು ಮಿತಿ ಏರ್ಪಟ್ಟಿತು. ಹೆಚ್ಚು ಎಸೆದವನಿಗೆ ಕಡ್ಡಾಯವಾದ ವಿಶ್ರಾಂತಿಯ ದಿನಗಳೂ ಗೊತ್ತಾದುವು. ವ್ಯಾಧಿಗೆ ಹೆಸರಿಟ್ಟ ವರ್ಷಕ್ಕೂ ಎಸೆತದ ಎಣಿಕೆಗೂ ನಡುವೆ ೪೭ ವರ್ಷಗಳು ಸಂದಿದ್ದುವು.

ಗೆಲವಿಗಾಗಿ ಇಷ್ಟು ಕಠಿನತೆ ಬೇಕೆ ಎಂಬುದಕ್ಕೆ ಸಂಶೋಧನೆಯ ಉತ್ತರವೂ ಇದೆ. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಸ್ಮಿತ್, ಫ್ರಾಂಕ್ ಸ್ಮಾಲ್ ಮೊದಲಾದವರು ೧೯೭೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಿಟ್ಲ್ ಲೀಗಿನ ಕೆಲವು ತರಬೇತುದಾರರಿಗೆ, ತಪ್ಪಾದಾಗ ಹಂಗಿಸದೆ ಧೈರ್ಯ ಹೇಳಿ ತಿದ್ದುವ ಕ್ರಮವನ್ನು ಕಲಿಸಿದರು. ಅವರ ಕೈಕೆಳಗೆ ಆಡಿದ ಮಕ್ಕಳು ತರಬೇತುದಾರರನ್ನೂ ಜೊತೆಗಾರರನ್ನೂ ಹೆಚ್ಚು ಮೆಚ್ಚಿದರು. ಆದರೆ ಸೋಲುಗೆಲವುಗಳ ಲೆಕ್ಕದಲ್ಲಿ ಇತರ ತಂಡಗಳಿಗೂ ಇವರಿಗೂ ಗಣನೀಯವಾದ ಅಂತರವಿರಲಿಲ್ಲ. ಎಂದರೆ ಸೌಜನ್ಯದಿಂದ ಗೆಲವಿಗೆ ನಷ್ಟವಾಗಲಿಲ್ಲ. ೧೯೯೨ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನ ಇನ್ನೂ ಮಹತ್ತ್ವದ್ದು. ಶಿಕ್ಷಣ ಪಡೆಯದ ತರಬೇತುದಾರರ ಬಳಿ ಆಡಿದ ಮಕ್ಕಳಲ್ಲಿ ನೂರಕ್ಕೆ ೨೬ ಮಂದಿ ಮರುವರ್ಷ ಆಟಕ್ಕೆ ಬರಲಿಲ್ಲ. ಶಿಕ್ಷಣ ಪಡೆದವರ ಬಳಿ ಆಡಿದವರಲ್ಲಿ ಹಾಗೆ ಬಿಟ್ಟವರು ನೂರಕ್ಕೆ ೫ ಮಾತ್ರ. ಆಟವನ್ನು ಬಿಟ್ಟ ಮಗುವಿನಲ್ಲಿ ಯಾವ ಆಟಗಾರನ ಬೆಳವಣಿಗೆ ಸಾಧ್ಯ?

೭

ಇಷ್ಟು ಕಟ್ಟಳೆಗಳಿದ್ದರೂ ಹಿರಿಯರ ಕೀರ್ತಿಯ ಆಸೆ ಸಂದು ಹುಡುಕದೆ ಬಿಡಲಿಲ್ಲ. ೧೯೯೨ರಲ್ಲಿ ಫಿಲಿಪೀನ್ಸಿನ ಜಾಂಬೊವಾಂಗ ತಂಡ ೧೫ಕ್ಕೆ ೪ರಂತೆ ವಿಶ್ವಸರಣಿಯನ್ನು ಗೆದ್ದಿತು. ಬೇರೆ ಪ್ರದೇಶದ ಆಟಗಾರರನ್ನು ಅಕ್ರಮವಾಗಿ ಸೇರಿಸಿಕೊಂಡಿದ್ದುದು ಹೊರಬಿದ್ದು ಪ್ರಶಸ್ತಿ ಕ್ಯಾಲಿಫೋರ್ನಿಯದ ಲಾಂಗ್‌ಬೀಚ್ ತಂಡಕ್ಕೆ ಹೋಯಿತು. ೨೦೦೧ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ತಂಡವೊಂದರ ಪಿಚರನ ಆಟವನ್ನು ದೇಶವೆಲ್ಲ ಕೊಂಡಾಡಿತು. ಬಳಿಕ ಆ ಹುಡುಗನಿಗೆ ಹನ್ನೆರಡಲ್ಲ, ಹದಿನಾಲ್ಕು ವರ್ಷವೆಂದು ಗೊತ್ತಾಗಿ ತಂಡದ ಗೆಲವುಗಳೆಲ್ಲ ಅಳಿಸಿಹೋದುವು. ೨೦೧೪ರಲ್ಲಿ ಷಿಕಾಗೋದ ಜ್ಯಾಕಿ ರಾಬಿನ್‌ಸನ್ ವೆಸ್ಟ್ ತಂಡ ಅಮೆರಿಕದ ಪ್ರಶಸ್ತಿಯನ್ನು ಗೆದ್ದಿತು. ಗಡಿಯ ಆಚೆಯ ಹುಡುಗರನ್ನು ಸೇರಿಸಲು ನಕ್ಷೆಯನ್ನು ತಿರುಚಿದ್ದರೆಂದು ೨೦೧೫ರ ಫೆಬ್ರವರಿಯಲ್ಲಿ ಅದನ್ನು ಕಸಿದುಕೊಳ್ಳಲಾಯಿತು.

ಈ ಮೂರರಲ್ಲಿಯೂ ದಾಖಲೆಗಳನ್ನು ಸಿದ್ಧಪಡಿಸಿದವರು ಹಿರಿಯರು. ಹೆಸರು ಕೆಟ್ಟುದು ಹುಡುಗರದು. ಶಿಕ್ಷೆ ಅನಿವಾರ್ಯವೇ ಸರಿ. ನಿಯಮದಂತೆ ಆಡಿದ ಎದುರಾಳಿ ಮಕ್ಕಳಿಗೂ ನ್ಯಾಯ ಸಲ್ಲಬೇಕಷ್ಟೆ. ಆದರೆ ೧೯೫೫ರಲ್ಲಿಯೂ ೨೦೧೫ರಲ್ಲಿಯೂ ದಂಡ ತೆತ್ತವರು ಹನ್ನೆರಡು ವರ್ಷದ ಹುಡುಗರೇ ಎಂಬುದನ್ನು ಚರಿತ್ರಕಾರನು ಮರೆಯುವಂತಿಲ್ಲ. ಸಂಸ್ಥೆ ತಾನೇ ದುಡುಕಿದುದೂ ಉಂಟು. ಥೈವಾನಿನ ತಂಡಗಳು ೧೯೭೧ರಿಂದ ೧೯೭೪ರವರೆಗೆ ಸತತವಾಗಿ ನಾಲ್ಕು ವರ್ಷ ಗೆದ್ದ ಬಳಿಕ, ೧೯೭೫ರ ವಿಶ್ವಸರಣಿಗೆ ಹೊರದೇಶದವರಾರೂ ಬರಬಾರದೆಂದು ಅದು ತೀರ್ಮಾನಿಸಿತು. ಆ ತೀರ್ಮಾನ ಒಂದೇ ವರ್ಷದಲ್ಲಿ ರದ್ದಾದುದು ಸಮಾಧಾನದ ಸಂಗತಿ.

೮

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯಗಳು ಎರಡು. ಮೊದಲನೆಯದು: ಕಿರಿದಾದ ಮೈದಾನ, ತೆರೆದ ಪ್ರವೇಶ, ಕನಿಷ್ಠ ಸರದಿ, ಎಸೆತದ ಎಣಿಕೆ, ವಯಸ್ಸಿನ ಪರೀಕ್ಷೆ ಇವೆಲ್ಲವೂ ಹಿರಿಯರ ಆಸೆಗೆ, ಮರೆವಿಗೆ, ಅಹಂಕಾರಕ್ಕೆ ಹಾಕಿದ ಕಟ್ಟುಗಳು. ಮಕ್ಕಳು ತಾವಾಗಿ ಆಡುವಾಗ ಜಗಳವಾಡುವರು, ಅಳುವರು, ಮತ್ತೆ ಕೂಡಿ ಆಡುವರು. ಜನ್ಮಪತ್ರವನ್ನು ತಿದ್ದಲಾರರು, ೬೧ ಲೀಗುಗಳನ್ನು ಒಟ್ಟಿಗೆ ಹಿಂದೆಗೆಯಲಾರರು.

ಎರಡನೆಯದು: ಮಕ್ಕಳಿಗೆ ಸಲ್ಲಬೇಕಾದ ನ್ಯಾಯಕ್ಕೆ ಕಾಲಮಿತಿಯುಂಟು. ವಯಸ್ಕನಿಗೆ ತಡವಾಗಿ ಬಂದ ನ್ಯಾಯವೂ ಒಂದಷ್ಟು ನ್ಯಾಯವೇ. ಮಗುವಿನ ವಿಷಯದಲ್ಲಿ ಹಾಗಲ್ಲ; ಹನ್ನೆರಡನೆಯ ವರ್ಷದ ಬೇಸಗೆ ಒಮ್ಮೆ ಮಾತ್ರ ಬರುತ್ತದೆ. ಚಾರ್ಲ್ಸ್‌ಟನ್ನಿನವರಿಗೆ ೪೭ ವರ್ಷಗಳ ಬಳಿಕ ಪತಾಕೆ ದೊರೆಯಿತು, ಪಂದ್ಯ ದೊರೆಯಲಿಲ್ಲ. ಹೊಬೋಕನ್ನಿನ ಹುಡುಗಿಗೆ ತೀರ್ಪು ದೊರೆಯಿತು, ಸರದಿ ದೊರೆಯಲಿಲ್ಲ. ಶಾಲೆ ಕಾಲೇಜುಗಳಲ್ಲಿ ತಂಡಗಳನ್ನು ಆಯುವ ಹೊಣೆ ಹೊತ್ತ ಅಧ್ಯಾಪಕರು, ಆಟ ಯಾವುದೇ ಆಗಿರಲಿ, ಪಟ್ಟಿಯನ್ನು ಬರೆಯುವ ಮುನ್ನ ಈ ಎರಡು ಸಂಗತಿಗಳನ್ನು ನೆನೆಯುವುದು ಒಳ್ಳೆಯದು.